ಕೌಂಟರ್ ಇನ್ನೂರ ಹದಿನಾಲ್ಕು

ಸೌಂಡ್ ಕಾರ್ಡಿನ ಡಬ್ಬಿಯ ಮೇಲೆ ಬರೆದದ್ದನ್ನು ನಂಜುಂಡೇಶ ಮೊದಲಿನಿಂದಲೂ ನಂಬಿರಲಿಲ್ಲ. ಯಾವ ಕಂಪ್ಯೂಟರಿಗಾದರೂ ಸರಿ, ತಂತಿ ಸಿಕ್ಕಿಸಿದರೆ ಮುಗಿಯಿತು ಅಂತ ಕೊಯಮತ್ತೂರಿನ ಅಂಗಡಿಯವನು ತಮಿಳಿನಲ್ಲಿ ಒಪ್ಪಿಸುತ್ತಿದ್ದಾಗ ಇವನು ಅವನ ಮಾತು ಬಿಟ್ಟು ಕೈಯನ್ನೇ ನೋಡುತ್ತ ನಿಂತಿದ್ದ; ಮಾರುವವನ ಕೈ ನೋಡುವುದು ಚಿಕ್ಕಂದಿನಿಂದ ಬಂದ ಚಾಳಿ. ಈಗ ಮೂರನೆಯ ದಿನ. ಸೋಪಿನ ಬಿಲ್ಲೆಯಷ್ಟಿದ್ದ ಆ ಕಪ್ಪು ಸೌಂಡ್ ಕಾರ್ಡು ಯುಎಸ್‌ಬಿ ತಂತಿಯ ತುದಿಯಲ್ಲಿ ಹಸಿರು ದೀಪ ಹೊತ್ತಿಸಿಕೊಂಡು ಕೂತಿತ್ತು. ಏನೋ ಒಂದು ಬಂದು ಸೇರಿಕೊಂಡಿದೆ ಎಂದು ಕಂಪ್ಯೂಟರು ನಡೆಸುವ ಲಿನಕ್ಸು ಒಪ್ಪುತ್ತಿತ್ತು, ಅದರ ಕಂಪನಿಯ ಸಂಖ್ಯೆ, ಮಾಲಿನ ಸಂಖ್ಯೆ ಎರಡನ್ನೂ ಪರದೆಯ ಮೇಲೆ ತೋರಿಸುತ್ತಿತ್ತು, ಆದರೆ ಸದ್ದಿನ ಸಾಧನ ಯಾವುದಿದೆ ಎಂದು ಕೇಳಿದರೆ ಒಂದೂ ಇಲ್ಲ ಅನ್ನುತ್ತಿತ್ತು. ಬಾಗಿಲಲ್ಲಿ ನಿಂತವನನ್ನು ನೋಡಿಯೂ ಒಳಗೆ ಕರೆಯದ ಮನೆಯವರ ಹಾಗೆ. ನಂಜುಂಡೇಶನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನ ಅಡಿಯಲ್ಲಿ ಸಣ್ಣದೊಂದು ಸಮಾಧಾನವೂ ಇತ್ತು, ಆ ಸಮಾಧಾನ ಯಾಕೆ ಎಂದು ಕೇಳಿಕೊಳ್ಳಲು ಅವನು ತಯಾರಿರಲಿಲ್ಲ.

"ಆ ಕಾರ್ಡಿಗಿಂತ ನೀವೇ ಜಾಸ್ತಿ ಮುನಿಸ್ಕೊಂಡು ಕೂತಿದ್ದೀರಲ್ಲ," ಎಂದಳು ಹೆಂಡತಿ ಪುಷ್ಪಾ, ಅಂಗಡಿಯ ಮುಂಭಾಗದಲ್ಲಿ ಜೆರಾಕ್ಸ್ ಯಂತ್ರಕ್ಕೆ ಹಾಳೆ ತುಂಬುತ್ತ. "ಆಗಲ್ಲ ಅಂತ ಆ ಟೀಚರಮ್ಮನಿಗೆ ಫೋನ್ ಮಾಡಿ ಹೇಳಿಬಿಡಿ. ಕೊಯಮತ್ತೂರಲ್ಲಿ ಮಾಡಿಸ್ಕೋತಾರೆ."

"ಮಾಡಿಸ್ಕೊಳ್ಳಬೋದಿತ್ತಲ್ಲ ಮೊದಲೇ. ಇಲ್ಲಿಗೇ ಯಾಕೆ ತಂದ್ರು?"

"ಪರಿಚಯ ಅಂತ ತಂದಿರ್ತಾರೆ. ಎಲ್ಲದರಲ್ಲೂ ಹುಳ ಹುಡುಕ್ತಾ ಕೂರಬೇಡಿ."

ಹುಳ ಹುಡುಕುವವನೇ ಸರಿ. ವಿಂಡೋಸಿನ ಕಳ್ಳ ಪ್ರತಿ ಇಟ್ಟ ಅಂಗಡಿಗಳ ಮೇಲೆ ರೈಡ್ ಆಗುತ್ತದೆ ಅಂತ ಯಾರೋ ಬಸ್ಸಿನಲ್ಲಿ ಮಾತಾಡಿಕೊಂಡದ್ದನ್ನು ಕೇಳಿಸಿಕೊಂಡು, ಅಂಗಡಿಗೆ ಬಂದವನೇ ಎರಡೂ ಕಂಪ್ಯೂಟರಿನಿಂದ ಅದನ್ನು ಅಳಿಸಿ, ಪತ್ರಿಕೆಯ ಜೊತೆ ಬಂದ ಸೀಡಿಯಿಂದ ಲಿನಕ್ಸು ಹಾಕಿದವನು ಅವನು. ಊಟಿಯ ಲೋವರ್ ಬಜಾರಿನಲ್ಲಿ ಬೇರೆ ಯಾರೂ ಹಾಗೆ ಮಾಡಲಿಲ್ಲ, ಯಾರ ಮೇಲೂ ರೈಡೂ ಆಗಲಿಲ್ಲ. ಆಮೇಲೆ ಎರಡು ಸಾವಿರದ ಐದನೇ ಇಸವಿಯ ಅಕ್ಟೋಬರಿನ ಸಿಡಿಲಿಗೆ ಒಂದು ಕಂಪ್ಯೂಟರು ಪೂರಾ ಹೋಯಿತು, ಇನ್ನೊಂದರಲ್ಲಿ ಸದ್ದಿನ ಭಾಗ ಮಾತ್ರ ಸುಟ್ಟಿತು. ಟೈಪಿಂಗು, ಮದುವೆ ಪತ್ರಿಕೆ, ಜಾತಕ, ಇವುಗಳಿಗೆ ಸದ್ದು ಏತಕ್ಕೆ ಅಂತ ಹಾಗೇ ಬಿಟ್ಟಿದ್ದ. ಸಿಂಧುಜಾ ಬಂದು ಕ್ಯಾಸೆಟ್ಟನ್ನು ಮೇಜಿನ ಮೇಲೆ ಇಡುವವರೆಗೆ ಆ ಮೌನ ಅವನಿಗೆ ತೊಂದರೆ ಕೊಟ್ಟಿರಲಿಲ್ಲ.

ಸಿಂಧುಜಾ ನಂಜನಾಡಿನ ಹತ್ತಿರದ, ನೀಲಗಿರಿಯ ಒಕ್ಕಲು ಜನ ಬಡಗರ ಒಂದು ಹಟ್ಟಿಯವಳು, ಅಲ್ಲೇ ಶಾಲೆಯಲ್ಲಿ ಟೀಚರು. ಅವಳ ಅಪ್ಪ ಹಿರಿಯ ಎನ್ನುವವರು ಬೆಳೆದ ಆಲೂಗಡ್ಡೆಯನ್ನು ಇಪ್ಪತ್ತು ವರ್ಷ ಕೊಂಡವನು ನಂಜುಂಡೇಶನ ಅಪ್ಪ ಕಾಳಯ್ಯ. ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿಯಲ್ಲಿ ಮಂಡಿ ಇಟ್ಟವನು. ಹಿರಿಯ ತೀರಿಕೊಂಡದ್ದು ಎಂಬತ್ತೆಂಟರಲ್ಲಿ. ಆ ಹಟ್ಟಿಯಲ್ಲಿ ಯಾರು ಸತ್ತರೂ ಹೆಣ ಎತ್ತುವ ಮುಂಚೆ ಒಬ್ಬ ಹಿರಿತಲೆ ಎದ್ದು ನಿಂತು, ಬದುಕಿದ್ದಾಗ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ, ಪ್ರತಿಯೊಂದಕ್ಕೂ ಸೇರಿದ ಜನ 'ಪಾಪ' ಎಂದು ಒಪ್ಪುತ್ತಾರೆ. ಹಿರಿಯನಿಗೆ ಹೇಳಿದವರು ಭೀಮ ಎಂಬ ಮುದುಕರು. ಯಾರೋ ಟೇಪ್ ರೆಕಾರ್ಡರ್ ಒತ್ತಿದ್ದರಿಂದ ಅದೊಂದು ಉಳಿದುಕೊಂಡಿತು. ಈಗ ಭೀಮನವರ ಗಂಟಲಿಗೆ ಆಪರೇಷನ್ ಆಗಿ ದನಿಯೇ ಹೋಗಿದೆ, ಕಲಿಯಬೇಕು ಎನ್ನುವ ಇಬ್ಬರಿಗೆ ಹೇಳಿಕೊಡಲು ಈ ಟೇಪು ಬಿಟ್ಟರೆ ಬೇರೆ ಇಲ್ಲ, ಭಾನುವಾರ ಹಟ್ಟಿಯಲ್ಲಿ ಎಲ್ಲರೂ ಕೂತು ಕೇಳುತ್ತಾರೆ, ಅಷ್ಟರಲ್ಲಿ ಸೀಡಿ ಆಗಬೇಕು. ಇಷ್ಟನ್ನು ಹೇಳಿ ಸಿಂಧುಜಾ ಚೀಲದಿಂದ ಅವರ ಮನೆಯ ಹಳೇ ಟೇಪ್ ರೆಕಾರ್ಡರನ್ನೂ ತೆಗೆದಿಟ್ಟಳು. "ಇದರಲ್ಲೇ ಹಾಕಿ ಅಣ್ಣ, ಬೇರೆದ್ರಲ್ಲಿ ಹಾಕ್ಬೇಡಿ. ನಿಮ್ಮ ಕೈಲೇ ಆಗ್ಬೇಕು ಅಂತ ಅವ್ವೆ ಹೇಳಿದ್ರು. ನೀವೇ ಕೂತು ಕೇಳ್ಬೇಕಂತೆ, ಮೊದ್ಲಿಂದ ಕೊನೆವರೆಗೂ." ಅವ್ವೆ ಅಂದರೆ ಹಿರಿಯನ ಹೆಂಡತಿ ಚಿನ್ನಮ್ಮಾಳ್. ನೀವೇ ಕೂತು ಕೇಳಬೇಕಂತೆ. ಆ ಮಾತು ಅವನ ಕಿವಿಯಲ್ಲಿ ಮುಳ್ಳಿನಂತೆ ಉಳಿಯಿತು.

ಅವಳು ಹೋದ ಮೇಲೆ ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಊಟಿಯ ಥಂಡಿಗೆ ಟೇಪಿನ ಅಂಚಿಗೆ ಬಿಳಿ ಬೂಸಲು ಹಿಡಿದಿತ್ತು. ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿದಾಗ ಬೆರಳಿಗೆ ಕಂದು ಪುಡಿ ಅಂಟಿತು. ಇದು ಒಂದು ಸಲ ಓಡಿದರೆ ಹೆಚ್ಚು ಎಂದು ಆಗಲೇ ತಿಳಿಯಿತು, ಹಾಗಂತ ಅವಳಿಗೆ ಫೋನು ಮಾಡಿ ಹೇಳಿಯೂ ಹೇಳಿದ. ಮುಕ್ಕಾಲು ಭಾಗ ಸುತ್ತಿದ ಮೇಲೆ ಒಂದು ಕಡೆ, ಮೊಳದುದ್ದ, ಟೇಪು ಉಳಿದ ಕಡೆಗಿಂತ ತೆಳ್ಳಗೆ ಮಿರಮಿರ ಹೊಳೆಯುತ್ತಿತ್ತು. ಬೇರೆ ಎಲ್ಲವನ್ನೂ ಬಿಟ್ಟು ಅದೊಂದನ್ನೇ ಮತ್ತೆ ಮತ್ತೆ ಹಿಂದಕ್ಕೆ ಮುಂದಕ್ಕೆ ಓಡಿಸಿದ್ದಾರೆ. ಕ್ಯಾಸೆಟ್ಟಿನ ಚೀಟಿ ತಿರುಗಿಸಿದ. ತಮಿಳಿನಲ್ಲಿ, ಬಾಲ್‌ಪೆನ್ನಿನಲ್ಲಿ, ಒತ್ತಿ ಒತ್ತಿ ಬರೆದಿತ್ತು: ಕಾಳಯ್ಯ, 214. ರೆಕಾರ್ಡರಿನ ಕೌಂಟರಿನ ಅಂಕಿ ಅದು. ಹಿರಿಯನ ಸಾವಿನ ಟೇಪಿನ ಮೇಲೆ ಹಿರಿಯನ ಹೆಸರಿಲ್ಲ, ಭೀಮನ ಹೆಸರಿಲ್ಲ, ತನ್ನ ಅಪ್ಪನ ಹೆಸರಿದೆ, ಎಲ್ಲಿ ನಿಲ್ಲಿಸಿ ಕೇಳಬೇಕು ಅನ್ನುವ ಗುರುತೂ ಇದೆ. ಹದಿನೇಳು ವರ್ಷ ಒಂದು ಮಾತೂ ಆಡದೆ, ನಗುನಗುತ್ತ ಕ್ಯಾರೆಟ್ಟು, ಕೋಸು ಕಳಿಸಿಕೊಂಡು ಬಂದ ಮನೆ ಇದು. ಎಂಥ ಜನ, ಎಷ್ಟು ತಾಳ್ಮೆ, ಅಂದುಕೊಂಡ.

ಯಾಕೆಂದರೆ ಅವನಿಗೆ ಗೊತ್ತಿತ್ತು. ಮಂಡಿಯ ತಕ್ಕಡಿಯಲ್ಲಿ ತೂಕದ ಕಲ್ಲು ಇಡುವ ತಟ್ಟೆಯ ಅಡಿಗೆ, ಕೈಗೆ ಸಿಕ್ಕದ ಜಾಗದಲ್ಲಿ, ಮೇಣದಿಂದ ಸೀಸದ ಉಂಡೆ ಅಂಟಿಸುತ್ತಿದ್ದವನು ಅವನೇ. ಅಪ್ಪ ಬಾಯಿಬಿಟ್ಟು ಹೇಳಿದವನಲ್ಲ. ನಂಜನಾಡಿನ ಲಾರಿ ಬಂದಾಗ ಒಮ್ಮೆ ಕೆಮ್ಮುತ್ತಿದ್ದ, ಹುಡುಗ ನಂಜುಂಡೇಶ ತಕ್ಕಡಿಯ ಹಿಂದೆ ಹೋಗಿ ಕೂರುತ್ತಿದ್ದ. ಮೂಟೆಗೆ ಎರಡು ಕಿಲೋ ಮಂಡಿಗೆ ಲಾಭ. ಹಿರಿಯ ಬಿಳಿ ಪೇಟ ಕಟ್ಟಿಕೊಂಡು, ಕೈ ಹಿಂದೆ ಕಟ್ಟಿಕೊಂಡು, ಮುಳ್ಳನ್ನೇ ನೋಡುತ್ತ ನಿಲ್ಲುತ್ತಿದ್ದರು, ಪ್ರತಿ ಸಲ 'ಸರಿ' ಎನ್ನುತ್ತಿದ್ದರು. ಆ ಸರಿಯಲ್ಲಿ ಏನಿತ್ತು ಎಂದು ಇಂದಿಗೂ ಅವನಿಗೆ ತೀರ್ಮಾನವಾಗಿಲ್ಲ. ಸೀಸದ ಮೈಯೆಲ್ಲ ತಣ್ಣಗಿರುತ್ತದೆ, ಅಂಗೈಯಲ್ಲಿ ಎಷ್ಟು ಹೊತ್ತು ಹಿಡಿದರೂ ಬೆಚ್ಚಗಾಗುವುದಿಲ್ಲ. ಮೌಸ್ ಹಿಡಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹಿರಿಯನ ಸಾವಿನ ದಿನ ಅಪ್ಪನ ಜೊತೆ ಅವನೂ ಹಟ್ಟಿಗೆ ಹೋಗಿದ್ದ, ಆಗ ಅವನಿಗೆ ಹತ್ತೊಂಬತ್ತು ವರ್ಷ. ಭೀಮನವರು ನೀರಿಗೆ ಮಾಡಿದ ಪಾಪ, ದನಕ್ಕೆ ಮಾಡಿದ ಪಾಪ, ಗಡಿಕಲ್ಲಿಗೆ ಮಾಡಿದ ಪಾಪ ಎಲ್ಲ ಹೇಳಿ ಒಂದು ಗಳಿಗೆ ನಿಂತು, ತೂಕದಲ್ಲಿ ಮೋಸ ಎಂದರು. ಯಾರೂ ಪಾಪ ಅನ್ನಲಿಲ್ಲ. ಇಡೀ ಹಟ್ಟಿ ತಿರುಗಿ ಕಾಳಯ್ಯನ ಮುಖ ನೋಡಿತು. ಮುದುಕರು, ಬಿಳಿ ಬಟ್ಟೆಯ ಹೆಂಗಸರು, ಮೂಗಿಗೆ ಸೆರಗು ಹಿಡಿದ ಚಿನ್ನಮ್ಮಾಳ್, ಎಲ್ಲರೂ. ನಂಜುಂಡೇಶ ಅಲ್ಲಿ ನಿಲ್ಲಲಿಲ್ಲ. ಚಹಾ ಗಿಡಗಳ ಸಾಲಿಗೆ ಇಳಿದು, ರಸ್ತೆಗೆ ಬಂದು, ಸಿಕ್ಕ ಜೀಪು ಹತ್ತಿ ಊಟಿಗೆ ಬಂದುಬಿಟ್ಟ. ಅಪ್ಪ ಸಂಜೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತ. ಏನಾಯಿತು ಅಂತ ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಮಾರನೆಯ ವಾರದಿಂದ ನಂಜನಾಡಿನ ಲಾರಿ ಬಂದರೆ ಅಪ್ಪ ಕೆಮ್ಮುವುದು ನಿಂತಿತು, ಮೂರು ವರ್ಷಕ್ಕೆ ಅಪ್ಪನೂ ಹೋದ. ಅವಮಾನದಿಂದಲೇ ಹೋದ ಎಂದು ನಂಜುಂಡೇಶ ಒಳಗೊಳಗೇ ಲೆಕ್ಕ ಹಾಕಿಟ್ಟಿದ್ದ. ಅಂಗಡಿಯ ಗೋಡೆಯ ಮೇಲೆ ಅಪ್ಪನ ಫೋಟೋ ಇದೆ. ದನಿ ಹೇಗಿತ್ತೆಂದು ಈಚೆಗೆ ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಫೋನಿನಲ್ಲಿ ನಿನ್ನದೂ ಅದೇ ದನಿ ಅನ್ನುವ ಮುದುಕರು ಒಬ್ಬಿಬ್ಬರು ಇದ್ದರು, ಈಗ ಅವರೂ ಇಲ್ಲ.

ಮಧ್ಯಾಹ್ನ ಇಂಟರ್ನೆಟ್ಟಿಗೆ ಫೋನು ಜೋಡಿಸಿದ. ಈ ಕಾರ್ಡು ಲಿನಕ್ಸಿನಲ್ಲಿ ನಡೆಯುವುದಿಲ್ಲ, ಏನು ಮಾಡಲಿ ಎಂದು ಇಂಗ್ಲಿಷಿನಲ್ಲಿ, ಅದನ್ನು ಬಳಸುವವರ ಒಂದು ಮೇಲಿಂಗ್ ಲಿಸ್ಟಿಗೆ ಬರೆದು ಹಾಕಿದ್ದಕ್ಕೆ ಮೂರನೆಯ ದಿನ ಉತ್ತರ ಬಂದಿತ್ತು. ಯಾವ ದೇಶದವನೋ, ಹೆಸರಿನ ಉಚ್ಚಾರವೂ ಬರದು. ಆ ಕಾರ್ಡು ತಾನು ಸದ್ದಿನ ಸಾಧನ ಅಂತ ಹೇಳಿಕೊಳ್ಳುವುದಿಲ್ಲ, ಬೇರೇನೋ ಅಂತ ಹೇಳುತ್ತದೆ, ಅದಕ್ಕೆ ಸದ್ದಿನ ಸಾಧನ ನಡೆಸುವ ಡ್ರೈವರು ಅದನ್ನು ಮುಟ್ಟುವುದಿಲ್ಲ, ಒಳಗೆಲ್ಲ ಮಾಮೂಲಿಯೇ, ಡ್ರೈವರಿನ ಕಡತದಲ್ಲಿ ಒಂದು ಪಟ್ಟಿ ಇದೆ, ಅದರಲ್ಲಿ ನಿನ್ನ ಕಾರ್ಡಿನ ಸಂಖ್ಯೆ ಸೇರಿಸು, ಇದು ಏನೇ ಹೇಳಿಕೊಂಡರೂ ಸದ್ದಿನದೇ ಎಂದು ಬರೆ, ಮತ್ತೆ ಕಂಪೈಲ್ ಮಾಡಿ ಹೊಸ ಡ್ರೈವರು ಕಟ್ಟು, ಎಂದಿದ್ದ. ಕೆಳಗೆ ಸೇರಿಸಬೇಕಾದ ಏಳೆಂಟು ಸಾಲು ಕೊಟ್ಟಿದ್ದ. ನಂಜುಂಡೇಶ ಆ ಸಾಲುಗಳನ್ನು ಐದಾರು ಸಲ ಓದಿದ. ಗುರುತಿಲ್ಲ ಪರಿಚಯವಿಲ್ಲ, ಇವನಿಗೇನು ಬಂದಿದೆ ನನಗೆ ಉಪಕಾರ ಮಾಡಲು? ಇದ್ದೊಂದು ಕಂಪ್ಯೂಟರೂ ಕೆಟ್ಟರೆ? ಒಂದೊಂದು ಪದವನ್ನೂ ಪುಸ್ತಕದಲ್ಲಿ ಹುಡುಕಿ, ಹಳೇ ಡ್ರೈವರಿನ ಪ್ರತಿ ಬೇರೆ ಕಡೆ ಎತ್ತಿಟ್ಟು, ಕಾಪಿ ಮಾಡದೆ ಸ್ವಂತ ಕೈಯಿಂದ ಒಂದೊಂದು ಅಕ್ಷರ ಟೈಪ್ ಮಾಡಿದ. ಮೊದಲ ಸಲ ಕಂಪೈಲಿನ ಮಧ್ಯೆ ಕರೆಂಟು ಹೋಯಿತು. ಎರಡನೆಯ ಸಲ ಮುಗಿಯಿತು, ಆದರೆ ಇದು ನನ್ನ ಆವೃತ್ತಿಗೆ ಹೊಂದುವುದಲ್ಲ ಎಂದು ಲಿನಕ್ಸು ವಾಪಸು ಕಳಿಸಿತು. ಮೂಲ ಕಡತಗಳನ್ನು ತಪ್ಪಾದ ಸೀಡಿಯಿಂದ ತೆಗೆದಿದ್ದ. ಮೂರನೆಯ ಸಲ, ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸದ್ದಿನ ಸಾಧನಗಳ ಪಟ್ಟಿ ಕೇಳಿದಾಗ ಪರದೆಯ ಮೇಲೆ ಒಂದು ಸಾಲು ಬಂತು.

ಅವನಿಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಪುಷ್ಪಾಳನ್ನು ಕೂಗಿ ಕರೆದ, ಹೆಡ್‌ಫೋನ್ ಅವಳ ಕಿವಿಗಿಟ್ಟು ಮೈಕಿನಲ್ಲಿ ಒಂದು ಎರಡು ಮೂರು ಎಂದ. "ಸದ್ಯ, ಇನ್ನು ಮೇಲೆ ಮನುಷ್ಯರ ಥರ ಊಟ ಮಾಡ್ತೀರ," ಎಂದು ಅವಳು ನಗುತ್ತ ಹೋದಳು. ಅವಳು ಅತ್ತ ಹೋದದ್ದೇ ತಡ ಖುಷಿ ಇಳಿದುಹೋಯಿತು. ಕಾರ್ಡು ನಡೆಯುವುದಿಲ್ಲ ಎಂಬ ನೆಪ ಇನ್ನಿಲ್ಲ. ಭಾನುವಾರ ಇಡೀ ಹಟ್ಟಿ ಸುತ್ತ ಕೂತು ಕೇಳುತ್ತದೆ, ಅವತ್ತು ಹುಟ್ಟಿರದ ಮಕ್ಕಳೂ ಕೇಳುತ್ತಾರೆ, ಕಲಿಯುವ ಇಬ್ಬರು ಅದನ್ನು ಬಾಯಿಪಾಠ ಮಾಡುತ್ತಾರೆ. ಆಮೇಲೆ ಯಾರು ಸತ್ತರೂ ಆ ಮಾತು ಬರುತ್ತದೆ, ಬಂದಾಗಲೆಲ್ಲ ಮಂಡಿಯ ಕಾಳಯ್ಯ ಬರುತ್ತಾನೆ. ಅದನ್ನು ಮಗನ ಕೈಯಿಂದಲೇ ಸೀಡಿ ಮಾಡಿಸುತ್ತಿದ್ದಾರೆ. ಕೂತು ಕೇಳಬೇಕಂತೆ, ಮೊದಲಿನಿಂದ ಕೊನೆಯವರೆಗೂ. ಪುಷ್ಪಾಳಿಗೆ ಇದು ಯಾವುದೂ ಗೊತ್ತಿಲ್ಲ. ತಕ್ಕಡಿಯ ವಿಷಯ ಅವಳಿಗೆ ಹದಿನಾಲ್ಕು ವರ್ಷದ ಸಂಸಾರದಲ್ಲಿ ಹೇಳಿಲ್ಲ.

ಕೌಂಟರನ್ನು ಸೊನ್ನೆಗೆ ತಂದು ಟೇಪು ಹಾಕಿದ. ರೆಕಾರ್ಡರಿನಿಂದ ಕಾರ್ಡಿಗೆ ತಂತಿ, ಕಾರ್ಡಿನಿಂದ ಹೆಡ್‌ಫೋನು. ಮೊದಲು ಗರಗರ, ಆಮೇಲೆ ದೂರದಲ್ಲಿ ಅಳು, ನಾಯಿ, ಯಾರೋ ಕೆಮ್ಮಿದ್ದು, ಆಮೇಲೆ ಭೀಮನವರ ದನಿ. ಎಷ್ಟು ನಿಚ್ಚಳವಾಗಿತ್ತು. ಒಂದೊಂದು ಪಾಪಕ್ಕೂ ನೂರು ಬಾಯಿ ಒಟ್ಟಿಗೆ ಒಪ್ಪುತ್ತಿತ್ತು, ಪರದೆಯ ಮೇಲೆ ಹಸಿರು ಗೆರೆ ಉಬ್ಬಿ ಇಳಿಯುತ್ತಿತ್ತು. ತಾನು ಮಾಡಿದ ಕೆಲಸ ಚೆನ್ನಾಗಿದೆ ಎಂದು ಅಂಥ ಹೊತ್ತಿನಲ್ಲೂ ಅವನಿಗೆ ಹೆಮ್ಮೆಯಾಯಿತು. ನೂರ ತೊಂಬತ್ತು. ನೀರು ಮುಗಿದು ದನ ಬಂತು. ಇನ್ನೂರ ಐದು. ಗಡಿಕಲ್ಲು. ಬೂಸಲು ಬಂದ ಟೇಪಿಗೆ ಒಂದೆರಡು ಕಡೆ ಸದ್ದು ಹೋಗುವುದು ಸಹಜ, ಯಾರೂ ಕೇಳುವುದಿಲ್ಲ. ಇನ್ನೂರ ಹತ್ತು ಬರುತ್ತಲೇ ಪರದೆಯ ಮೇಲಿನ ಮಿಕ್ಸರಿನಲ್ಲಿ ಗುಂಡಿ ಒತ್ತಿ ರೆಕಾರ್ಡಿಂಗಿಗೆ ಹೋಗುವ ಸದ್ದು ಮುಚ್ಚಿದ. ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಬೋರಲು ಹಾಕಿದ. ಹಸಿರು ಗೆರೆ ಸಪಾಟಾಯಿತು. ಮೇಜಿನ ಮೇಲೆ ಸೊಳ್ಳೆ ಗುಂಯ್‌ಗುಡುವಷ್ಟು ಸದ್ದು ಬರುತ್ತಿತ್ತು, ಅದೂ ಬೇಡ ಎಂದು ಹೆಡ್‌ಫೋನಿನ ಮೇಲೆ ಸ್ವೆಟರ್ ಹಾಕಿ, ಕೌಂಟರಿನ ಅಂಕಿಗಳು ಒಂದೊಂದಾಗಿ ಉರುಳುವುದನ್ನೇ ನೋಡುತ್ತ ಕೂತ. ಇನ್ನೂರ ಇಪ್ಪತ್ತಕ್ಕೆ ಮತ್ತೆ ತೆರೆದ. ಭೀಮನವರು ಬೇರೆ ಯಾವುದೋ ಪಾಪದಲ್ಲಿದ್ದರು. ಟೇಪು ಕೊನೆ ಮುಟ್ಟಿದ ಮೇಲೆ ಹೆಡ್ಡನ್ನು ಹತ್ತಿಯಿಂದ ಒರೆಸಿದರೆ ಹತ್ತಿಯ ತುಂಬ ಕಂದು ಕೆಸರು. ಸೀಡಿ ಬರೆದಿಟ್ಟು, ಅಪ್ಪನನ್ನು ಕಾಪಾಡಿದೆ ಅಂದುಕೊಂಡ. ಊಟ ಸೇರಿತು, ಚೆನ್ನಾಗಿ ನಿದ್ದೆಯೂ ಬಂತು.

ಶನಿವಾರ ಶಾಲೆ ಮುಗಿಸಿ ಸಿಂಧುಜಾ ಬಂದಳು. ಮಂಜಿಗೆ ಕೂದಲೆಲ್ಲ ಒದ್ದೆ. ಕುರ್ಚಿ ಎಳೆದು ಕೂತು, ಹೆಡ್‌ಫೋನ್ ಹಾಕಿಕೊಂಡು, ಸ್ವಲ್ಪ ಕೇಳಿ ಕಣ್ಣು ಒರೆಸಿಕೊಂಡಳು. "ಭೀಮಣ್ಣನ ದನಿ ಹೀಗಿತ್ತು ಅನ್ನೋದೇ ಮರೆತಿತ್ತು. ಏನ್ ಚೆನ್ನಾಗಿ ಬಂದಿದೆ ಅಣ್ಣ." ಆಮೇಲೆ ಮುಂದಕ್ಕೆ ಓಡಿಸಿ ಎಂದು ಕೈಸನ್ನೆ ಮಾಡಿದಳು. ಇನ್ನೂ, ಇನ್ನೂ. ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ಅವನಿಗೆ ಗೊತ್ತಿತ್ತು. ಸಪಾಟು ಗೆರೆ ಬಂತು. ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇಲ್ಲಿ ಯಾಕಣ್ಣ ಏನೂ ಇಲ್ಲ?"

"ಟೇಪು ಅಲ್ಲಿ ಸವೆದುಹೋಗಿತ್ತು ಸಿಂಧು. ಕಾರ್ಡೂ ಲಿನಕ್ಸಿಗೆ ಸರಿಯಾಗಿ ಒಗ್ಗಲ್ಲ."

ಅವಳು ಕ್ಯಾಸೆಟ್ಟು ತೆಗೆದುಕೊಂಡು, ಪೆನ್ಸಿಲಿನಿಂದ ಸುತ್ತಿ, ಕಿಟಕಿಗೆ ಹಿಡಿದಳು. ಆ ಮೊಳದುದ್ದದಲ್ಲಿ ಕಂದು ಬಣ್ಣ ಪೂರಾ ಉದುರಿಹೋಗಿ, ಟೇಪಿನ ಆಚೆ ಬಜಾರಿನ ತಗಡಿನ ಮಾಡು ಕಾಣುತ್ತಿತ್ತು.

"ಸವೆಸಿದ್ದು ನಮ್ಮ ಅವ್ವೆನೇ," ಎಂದಳು. "ಅದೊಂದನ್ನೇ ಹಾಕ್ಕೊಂಡು ಕೂರ್ತಿದ್ರು. ಬೇಡ ಅಂದ್ರೆ ಕೇಳ್ತಿರ್ಲಿಲ್ಲ."

"ನಮ್ಮಪ್ಪನ್ನ ಬೈದಿದ್ದು ಕೇಳೋಕಾ?" ಅವನಿಗೆ ಗೊತ್ತಿಲ್ಲದೆ ಮಾತು ಹೊರಗೆ ಬಂದುಬಿಟ್ಟಿತ್ತು.

ಸಿಂಧುಜಾ ಅವನನ್ನೇ ನೋಡಿದಳು. "ನಿಮ್ಮಪ್ಪನ್ನ ಯಾರು ಬೈದ್ರು? ಸತ್ತೋರ ಪಾಪ ತಾನೆ ಅಣ್ಣ ಹೇಳೋದು. ಅದು ನಮ್ಮಪ್ಪಂದು. ಮೂಟೆ ಅಡಿಗೆ ಹಸಿ ಮಣ್ಣು ತುಂಬಿಸಿ ನಿಮ್ಮ ಮಂಡಿಗೆ ಕಳಿಸ್ತಿದ್ರು, ಅವ್ವೆನೇ ತುಂಬ್ಸಿದ್ದು. ಸಾಯೋ ಮುಂಚೆ ಅಪ್ಪ ಭೀಮಣ್ಣನ್ನ ಕರೆಸಿ, ಬೇರೆ ಎಲ್ಲಾ ಎಲ್ರಿಗೂ ಹೇಳೋದೇ, ತೂಕದ್ದು ಮಾತ್ರ ನನ್ನದು, ಬಿಡದೆ ಹೇಳು ಅಂದಿದ್ರು. ಮೋಸ ಆಗಿದ್ದು ನಿಮ್ಮಪ್ಪಂಗೆ, ಅದಕ್ಕೆ ಎಲ್ರೂ ಅವರ ಮುಖ ನೋಡಿದ್ರು. ಅವರು ಒಪ್ಪದೆ ನಾವು ಹೆಂಗೆ ಒಪ್ಪೋದು?"

"ಅಪ್ಪ ಏನಂದ್ರು?"

"ಮೊದ್ಲು ಸುಮ್ನೆ ನಿಂತ್ರು. ಆಮೇಲೆ ಗಟ್ಟಿಯಾಗಿ, ನಂದೂ ಇದೆ ಹಿರಿಯಣ್ಣ, ನಂದೂ ಸೇರ್ಸಿ ಅಂದ್ರು. ಹಂಗಂದು ಪಾಪ ಅಂದ್ರು. ಅವರು ಅಂದ್ಮೇಲೆ ಎಲ್ರೂ ಅಂದ್ರು. ನಿಮ್ಮ ಕಡೆ ಕನ್ನಡದಲ್ಲಿ ಅವರ ದನಿ ಒಂದೇ ಬೇರೆ ಕೇಳ್ಸೋದು ಟೇಪಲ್ಲಿ. ನಾನು ಹನ್ನೆರಡು ವರ್ಷದೋಳು, ನನಗೂ ನೆನಪಿದೆ." ಅವಳು ಟೇಪನ್ನು ಒಳಕ್ಕೆ ಸುತ್ತಿಕೊಳ್ಳುತ್ತ ಹೇಳಿದಳು. "ಕಾಳಯ್ಯನ ಮಗನ ಹತ್ರ ಅಪ್ಪನ ದನಿ ಇರ್ಲಿಕ್ಕಿಲ್ಲ, ಅವನೇ ಕೂತು ಕೇಳ್ಲಿ, ಅವನೂ ಒಂದು ಪ್ರತಿ ಇಟ್ಕೊಳ್ಲಿ ಅಂತ ಅವ್ವೆಗೆ ಆಸೆ. ಬಿಡಿ ಅಣ್ಣ, ನೀವೇನ್ ಮಾಡ್ತೀರ. ಟೇಪಿಗೂ ವಯಸ್ಸಾಯ್ತು."

ಅವಳ ಮುಖದಲ್ಲಿ ಎಷ್ಟು ಹುಡುಕಿದರೂ ಸಂಶಯದ ಒಂದು ಗೆರೆ ಇರಲಿಲ್ಲ. ಅವನು ಹೇಳಿದ ಸುಳ್ಳನ್ನು ಪೂರಾ ನಂಬಿ, ಅವನಿಗೇ ಸಮಾಧಾನ ಹೇಳುತ್ತಿದ್ದಳು. ನಂಜುಂಡೇಶನಿಗೆ ಅದನ್ನು ತಡೆದುಕೊಳ್ಳಲು ಆಗಲಿಲ್ಲ.

"ಟೇಪಲ್ಲ ಸಿಂಧು. ನಾನೇ ಮುಚ್ಚಿದೆ."

"ಏನನ್ನ?"

"ರೆಕಾರ್ಡಿಂಗನ್ನ. ಇನ್ನೂರ ಹತ್ತರಿಂದ ಇಪ್ಪತ್ತರವರೆಗೆ. ಅಪ್ಪನ ಮಾನ ತೆಗೀತಾರೆ ಅನ್ಕೊಂಡೆ."

ಮುಂಭಾಗದಲ್ಲಿ ಜೆರಾಕ್ಸ್ ಯಂತ್ರ ಯಾರದೋ ರೇಷನ್ ಕಾರ್ಡನ್ನು ಪ್ರತಿ ಮಾಡುತ್ತಿತ್ತು.

"ಮುಚ್ಚಿದ್ರೂ ಕಿವಿಗೆ ಕೇಳ್ಸಿರತ್ತಲ್ಲ? ನೀವಾದ್ರೂ ಕೇಳಿದ್ರಾ?"

"ಇಲ್ಲ. ಹೆಡ್‌ಫೋನ್ ತೆಗೆದಿಟ್ಟಿದ್ದೆ."

"ಒಂದ್ಸಲಾನೂ ಕೇಳ್ಲಿಲ್ವಾ?"

"ಇಲ್ಲ."

ಸಿಂಧುಜಾ ಸೀಡಿ, ಕ್ಯಾಸೆಟ್ಟು ಎರಡನ್ನೂ ಚೀಲಕ್ಕೆ ಹಾಕಿದಳು, ರೆಕಾರ್ಡರಿನ ತಂತಿ ಸುತ್ತಿ ಅದನ್ನೂ ಹಾಕಿದಳು. "ಅವ್ವೆಗೆ ಟೇಪ್ ಸವೆದಿತ್ತು ಅಂತಲೇ ಹೇಳ್ತೀನಿ," ಎಂದಳು. ಅಣ್ಣ ಅನ್ನಲಿಲ್ಲ. ನಂಜನಾಡಿನ ಬಸ್ಸಿಗೆ ಹೊತ್ತಾಯಿತು ಎಂದು ಪುಷ್ಪಾಳಿಗೆ ಹೇಳಿ ಇಳಿದು ಹೋದಳು.

ನಂಜುಂಡೇಶ ಹೆಡ್‌ಫೋನು ಹಾಕಿಕೊಂಡ. ಕಂಪ್ಯೂಟರಿನಲ್ಲಿ ಉಳಿದಿದ್ದ ಪ್ರತಿಯನ್ನು ಸ್ವಲ್ಪ ಹಿಂದಿನಿಂದ ಶುರುಮಾಡಿದ. ಭೀಮನವರು ಗಡಿಕಲ್ಲಿನ ಪಾಪ ಹೇಳಿದರು, ನೂರು ಬಾಯಿ ಒಪ್ಪಿತು, ಆಮೇಲೆ ಏನೂ ಇಲ್ಲ. ಟೇಪಿನ ಗರಗರ ಕೂಡ ಇಲ್ಲ. ಕಾರ್ಡು ಹೇಳಿದಷ್ಟೇ ಮಾಡಿತ್ತು, ಮುಚ್ಚು ಎಂದರೆ ಪೂರಾ ಮುಚ್ಚಿತ್ತು. ಸದ್ದನ್ನು ಕೊನೆಯವರೆಗೂ ಏರಿಸಿದ. ಈಗ ಭೀಮನವರು ತೂಕದ ಮಾತು ಹೇಳಿರಬೇಕು. ಈಗ ಎಲ್ಲರೂ ತಿರುಗಿರಬೇಕು. ಚಹಾ ಗಿಡಗಳ ಸಾಲಿಗೆ ಇಳಿದು ಒಬ್ಬ ಓಡುತ್ತಿರಬೇಕು. ಅಪ್ಪ ಬಾಯಿ ತೆರೆಯುವ ಜಾಗ ಯಾವುದೆಂದು ಅಂದಾಜು ಮಾಡಿ, ಅಲ್ಲಿಗೆ ಬಂದಾಗ, "ಪಾಪ," ಎಂದ.

"ಏನಂದ್ರಿ?" ಎಂದು ಪುಷ್ಪಾ ಮುಂಭಾಗದಿಂದ ಕೇಳಿದ್ದು ಅವನಿಗೆ ಕೇಳಿಸಲಿಲ್ಲ. ಮುಚ್ಚಿದ ಕಿವಿಗೆ ತನ್ನ ದನಿ ತಲೆಯ ಒಳಗಿನಿಂದ ಕೇಳಿಸಿತ್ತು. ಅದು ಅಪ್ಪನ ದನಿಯ ಹಾಗಿತ್ತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.